ಕುರಿಯ ಹೊಟ್ಟೆಯಲ್ಲಿ ಸಿಕ್ಕ ದುಂಡುಹುಳು ಯಾವ ಜಾತಿಯದೆಂದು ತಿಳಿಯುವುದು ಹೇಗೆ?

ಓದುಗರ ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನ ರೈತ. ನಮ್ಮಲ್ಲಿ ಅರವತ್ತು ಕುರಿ, ಹತ್ತು ಮೇಕೆಗಳಿವೆ. ಮಳೆ ಹಿಡಿದ ಮೇಲೆ ಮರಿಗಳು ಸೊರಗತೊಡಗಿದವು, ಕೆಲವಕ್ಕೆ ಗದ್ದದ ಕೆಳಗೆ ನೀರು ತುಂಬಿದಂತೆ ಊತ ಬಂತು, ಮೂರು ಸತ್ತವು. ಭೇದಿ ಇರಲಿಲ್ಲ. ಮೊದಲು ಆಲ್ಬೆಂಡಜೋಲ್ ಕುಡಿಸಿದೆವು. ಹದಿನೈದು ದಿನ ಬಿಟ್ಟು, ಅಂಗಡಿಯವರು ಕೊಟ್ಟ ಫೆನ್‌ಬೆಂಡಜೋಲ್ ಮತ್ತು ಪ್ರಾಜಿಕ್ವಾಂಟೆಲ್ ಸೇರಿದ ಔಷಧಿ ಕುಡಿಸಿದೆವು. ಹಿಕ್ಕೆಯಲ್ಲಿ ಕಾಣುತ್ತಿದ್ದ ಅನ್ನದ ಅಗುಳಿನಂಥ ಬಿಳಿ ತುಣುಕುಗಳು ನಿಂತವು. ಆದರೆ ಆಮೇಲೂ ಒಂದು ಕುರಿ ಸತ್ತಿತು. ಕೊಯ್ದು ನೋಡಿದಾಗ ಹೊಟ್ಟೆಯ ಕೊನೆಯ ಚೀಲದಲ್ಲಿ ಕೆಂಪು ಬಿಳಿ ಬಣ್ಣದ ಹುಳುಗಳು, ಅವುಗಳ ನಡುವೆ ಚಿಕ್ಕ ಕೆಂಪು ಹುಳುಗಳು, ದೊಡ್ಡ ಕರುಳಿನಲ್ಲಿ ಒಂದು ತುದಿ ಕೂದಲಿನಷ್ಟು ಸಣ್ಣಗಿದ್ದ ಬಿಳಿ ಹುಳುಗಳು, ಕರುಳಿನ ಗೋಡೆಯಲ್ಲಿ ಗಂಟುಗಳು ಕಂಡವು. ಎರಡನೇ ಔಷಧಿ ಕುಡಿಸಿದ ಹನ್ನೆರಡನೇ ದಿನ ಹಿಕ್ಕೆಯನ್ನು ಪರೀಕ್ಷೆಗೆ ಕೊಟ್ಟೆವು. ವರದಿಯಲ್ಲಿ ‘ಸ್ಟ್ರಾಂಗೈಲ್ ಮೊಟ್ಟೆಗಳು, ಎರಡು ಪ್ಲಸ್’ ಎಂದಷ್ಟೇ ಇದೆ. ಎಲ್ಲವೂ ಒಂದೇ ಹುಳು, ಚಿಕ್ಕದು ಬೆಳೆದು ದೊಡ್ಡದಾಗುತ್ತದೆ ಎಂದು ಊರಿನ ಹಿರಿಯರು ಹೇಳುತ್ತಾರೆ. ಭೂತಗನ್ನಡಿಯಲ್ಲಿ ನೋಡಿ ಜಾತಿ ಹೇಳಬಹುದೇ? ದೊಡ್ಡ ಹುಳುಗಳನ್ನು ಆರಿಸಿ ಉಪ್ಪುನೀರಿನ ಬಾಟಲಿಯಲ್ಲಿ ಇಟ್ಟಿದ್ದೇನೆ. ಜಾತಿ ತಿಳಿದರೆ ಔಷಧಿ ಬದಲಾಗುತ್ತದೆಯೇ? ಇವು ಮನುಷ್ಯರಿಗೆ ಬರುತ್ತವೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಹಿಂದಿನ ಚಿಂತೆ ಒಂದೇ. ಎರಡು ಸಲ ಔಷಧಿ ಕುಡಿಸಿದ ಮೇಲೂ ಕುರಿ ಸಾಯುತ್ತಿರುವುದಕ್ಕೆ ಹುಳುವನ್ನು ಗುರುತಿಸದೆ ಇದ್ದುದೇ ಕಾರಣವೇ ಎಂದು ನೀವು ಕೇಳುತ್ತಿದ್ದೀರಿ. ಬಹುಮಟ್ಟಿಗೆ ಹೌದು ಎಂದೇ ಹೇಳಬೇಕು. ಹುಳುಗಳನ್ನು ಎಲ್ಲೆಲ್ಲಿ ಕಂಡಿರೆಂಬುದನ್ನೂ ಬರೆದಿರುವುದರಿಂದ ನನ್ನ ಕೆಲಸ ಅರ್ಧ ಹಗುರವಾಗಿದೆ. ನಿಮ್ಮ ವಿವರಣೆಯಲ್ಲಿ ಕಡಮೆಯೆಂದರೆ ನಾಲ್ಕು ಬೇರೆ ಬೇರೆ ಹುಳುಗಳ ಗುರುತು ಸಿಗುತ್ತದೆ. ಅವುಗಳಲ್ಲಿ ಕುರಿಗಳನ್ನು ಕೊಲ್ಲುತ್ತಿರುವುದು ಬಹುಶಃ ಒಂದೇ ಒಂದು, ಮತ್ತು ನಿಮ್ಮ ಎರಡನೇ ಔಷಧಿ ಅದನ್ನು ಬಿಟ್ಟು ಇನ್ನೊಂದನ್ನು ಕೊಂದಿದೆ.

ಮೊದಲು ಹಿರಿಯರ ಮಾತನ್ನು ನೋಡೋಣ. ಎಲ್ಲ ಹುಳುಗಳೂ ಒಂದೇ, ವಯಸ್ಸು ಮಾತ್ರ ಬೇರೆ ಎಂಬ ನಂಬಿಕೆ ಕುರಿಗಾಹಿಗಳಲ್ಲಿ ಬಹಳ ಹಳೆಯದು. ಆದರೆ ಅದು ನಿಜವಲ್ಲ. ಕುರಿಯ ದುಂಡುಹುಳುಗಳಲ್ಲಿ ಪ್ರತಿಯೊಂದು ಜಾತಿಗೂ ಜೀರ್ಣಾಂಗದಲ್ಲಿ ಗೊತ್ತಾದ ಒಂದು ನೆಲೆ ಇರುತ್ತದೆ. ಹೊಟ್ಟೆಯ ಹುಳು ಬೆಳೆದು ಕರುಳಿಗಿಳಿದು, ನೀವು ದೊಡ್ಡ ಕರುಳಿನಲ್ಲಿ ಕಂಡ ಚಾವಟಿಹುಳುವಾಗುವುದಿಲ್ಲ. ಆದ್ದರಿಂದಲೇ ಸತ್ತ ಕುರಿಯನ್ನು ಪರೀಕ್ಷಿಸುವ ಪಶುವೈದ್ಯರು ನಾಲ್ಕನೇ ಹೊಟ್ಟೆ (ನೀವು ಹೇಳಿದ ಕೊನೆಯ ಚೀಲ), ಸಣ್ಣ ಕರುಳು, ದೊಡ್ಡ ಕರುಳಿನ ಆರಂಭದ ಚೀಲವಾದ ಅಂಧಕರುಳು, ಉಳಿದ ದೊಡ್ಡ ಕರುಳು ಇವುಗಳನ್ನು ಮೊದಲು ದಾರದಿಂದ ಬೇರೆ ಬೇರೆಯಾಗಿ ಕಟ್ಟಿ, ಆಮೇಲೆ ಒಂದೊಂದನ್ನೇ ಬೇರೆ ಪಾತ್ರೆಯಲ್ಲಿ ಬಿಚ್ಚುತ್ತಾರೆ. ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ತೊಳೆದುಬಿಟ್ಟರೆ, ಗುರುತಿಸುವುದಕ್ಕೆ ಬೇಕಾದ ಅತ್ಯಂತ ಅಗ್ಗದ ಮತ್ತು ಅತ್ಯಂತ ನಂಬಿಕೆಯ ಸುಳಿವು ನೀರಿನ ಜೊತೆ ಹೋಗಿಬಿಡುತ್ತದೆ.

ಹಿಕ್ಕೆಯಲ್ಲಿ ಕಂಡ ಬಿಳಿ ತುಣುಕುಗಳ ವಿಷಯ ಬೇಗ ಮುಗಿಯುವಂಥದು. ಅವು ದುಂಡುಹುಳುಗಳೇ ಅಲ್ಲ. ಮೊನೀಜಿಯಾ ಎಂಬ ಲಾಡಿಹುಳುವಿನ ದೇಹದಿಂದ ಕಳಚಿ ಬೀಳುವ ತುಂಡುಗಳು. ಲಾಡಿಹುಳುವಿನ ಮೈ ಚಪ್ಪಟೆಯಾಗಿ, ತುಂಡು ತುಂಡಾಗಿ ಜೋಡಿಸಿದಂತೆ ಇರುತ್ತದೆ. ದುಂಡುಹುಳುವಿನ ಮೈಯಲ್ಲಿ ತುಂಡುಗಳಿಲ್ಲ, ಅದು ಉರುಟಾಗಿ ಎರಡೂ ತುದಿಗಳಲ್ಲಿ ಸಪುರವಾಗುತ್ತದೆ. ಲಾಡಿಹುಳು ಕಣ್ಣಿಗೆ ಕಾಣುವುದರಿಂದ ರೈತರು ಅದಕ್ಕೆ ಹೆದರುತ್ತಾರೆ, ಅಂಗಡಿಯವರೂ ಅದಕ್ಕೇ ಔಷಧಿ ಕೊಡುತ್ತಾರೆ. ಪ್ರಾಜಿಕ್ವಾಂಟೆಲ್ ಲಾಡಿಹುಳುವನ್ನು ಚೆನ್ನಾಗಿ ಕೊಲ್ಲುತ್ತದೆ, ದುಂಡುಹುಳುಗಳಿಗೆ ಅದರಿಂದ ಏನೂ ಆಗುವುದಿಲ್ಲ. ತುಣುಕುಗಳು ನಿಂತದ್ದಕ್ಕೂ ಸಾವು ನಿಲ್ಲದೆ ಇದ್ದುದಕ್ಕೂ ಇದೇ ವಿವರಣೆ. ದೊಡ್ಡ ಕುರಿಗಳಲ್ಲಿ ಲಾಡಿಹುಳುವಿನ ಹಾನಿ ಸಾಮಾನ್ಯವಾಗಿ ಅಲ್ಪ. ಕುರಿಯನ್ನು ನಿಜವಾಗಿ ಕೊಲ್ಲುವ ಹುಳು ಹಿಕ್ಕೆಯಲ್ಲಿ ಬರಿಗಣ್ಣಿಗೆ ಕಾಣಿಸಿಕೊಳ್ಳುವುದೇ ಅಪರೂಪ.

ಇನ್ನು ನಾಲ್ಕನೇ ಹೊಟ್ಟೆಯಲ್ಲಿ ನೀವು ಕಂಡ ಕೆಂಪು ಬಿಳಿ ಹುಳುವಿಗೆ ಬರೋಣ. ವಿವರಣೆಯನ್ನು ನೋಡಿದರೆ ಅದು ಹೀಮಾಂಕಸ್ ಕಂಟಾರ್ಟಸ್. ರುಡಾಲ್ಫಿ ಎಂಬ ವಿಜ್ಞಾನಿ 1803ರಲ್ಲೇ ಇದನ್ನು ವಿವರಿಸಿದ್ದರು. ಹೀಮಾಂಕಸ್ ಎಂಬ ಕುಲಕ್ಕೆ ಇದನ್ನು ಸೇರಿಸಿದವರು ಕಾಬ್, 1898ರಲ್ಲಿ. ಹೆಣ್ಣು ಹುಳು ಸುಮಾರು 20ರಿಂದ 30 ಮಿ.ಮೀ. ಉದ್ದವಿರುತ್ತದೆ. ಅದರ ಕರುಳು ಕುರಿಯ ರಕ್ತದಿಂದ ತುಂಬಿ ಕೆಂಪಾಗಿರುತ್ತದೆ, ಬಿಳಿಯ ಅಂಡಾಶಯಗಳು ಆ ಕರುಳಿನ ಸುತ್ತ ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ಹೀಗಾಗಿ ಎರಡು ಬಣ್ಣದ ನೂಲನ್ನು ಸೇರಿಸಿ ಹೊಸೆದ ಹುರಿಯಂತೆ ಅದು ಕಾಣುತ್ತದೆ. ಇದನ್ನು ನೋಡಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು, ಎಳೆಯ ಕಣ್ಣಿನವರಿಗೆ ಅದೂ ಬೇಡ. ಆದರೆ ಹುಳು ತಾಜಾ ಆಗಿರಬೇಕು. ಕುರಿ ಸತ್ತು ಹಲವು ಗಂಟೆ ಕಳೆದ ಮೇಲೆ ಹುಳುವಿನ ಹೊಟ್ಟೆಯ ರಕ್ತದ ಬಣ್ಣ ಮಾಸಿ ಕಂದಾಗುತ್ತದೆ, ಆಗ ಈ ಗುರುತು ಉಳಿಯುವುದಿಲ್ಲ.

ಅವುಗಳ ನಡುವೆ ಇದ್ದ ಚಿಕ್ಕ ಕೆಂಪು ಹುಳುಗಳು ಮರಿಗಳಲ್ಲ, ಬಹುತೇಕ ಗಂಡುಗಳು. ಗಂಡು 10ರಿಂದ 20 ಮಿ.ಮೀ. ಉದ್ದವಿದ್ದು, ಅದಕ್ಕೆ ಬಿಳಿಯ ಅಂಡಾಶಯಗಳಿಲ್ಲದ ಕಾರಣ ಮೈಯೆಲ್ಲ ಒಂದೇ ಕೆಂಪು ಬಣ್ಣವಾಗಿ ತೋರುತ್ತದೆ. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು, ಏಕೆಂದರೆ ಪ್ರಯೋಗಾಲಯಕ್ಕೆ ಬರುವ ಬಾಟಲಿಗಳಲ್ಲಿ ಹೆಚ್ಚಿನವು ನಿಮ್ಮದರಂತೆಯೇ ಇರುತ್ತವೆ: ಚೆಂದಾಗಿ ಕಾಣುವ ದೊಡ್ಡ ಹುಳುಗಳನ್ನು ಆರಿಸಿ ತುಂಬಿರುತ್ತಾರೆ, ಚಿಕ್ಕವನ್ನು ಬಿಟ್ಟಿರುತ್ತಾರೆ. ದೊಡ್ಡವೆಲ್ಲ ಹೆಣ್ಣುಗಳು, ಆದರೆ ದುಂಡುಹುಳುಗಳಲ್ಲಿ ಜಾತಿಯನ್ನು ಖಚಿತವಾಗಿ ಹೇಳುವ ಗುರುತುಗಳು ಬಹುಪಾಲು ಗಂಡಿನ ಬಾಲದ ತುದಿಯಲ್ಲಿವೆ. ಈ ಗುಂಪಿನ ಗಂಡಿನ ಬಾಲದಲ್ಲಿ ಬರ್ಸಾ ಎಂಬ ತೆಳುಚರ್ಮದ ಹರವು ಇರುತ್ತದೆ, ಅದನ್ನು ಎತ್ತಿ ಹಿಡಿಯಲು ಕಡ್ಡಿಗಳಂಥ ರಚನೆಗಳಿರುತ್ತವೆ. ಸಂಗಮದ ಸಮಯದಲ್ಲಿ ಬಳಕೆಯಾಗುವ, ಕಂದು ಬಣ್ಣದ ಸ್ಪಿಕ್ಯೂಲ್ ಎಂಬ ಎರಡು ಗಟ್ಟಿಯಾದ ಮುಳ್ಳುಗಳೂ ಅಲ್ಲೇ ಇರುತ್ತವೆ. ಹೀಮಾಂಕಸ್‌ನಲ್ಲಿ ಬರ್ಸಾದ ನಡುವಿನ ಚಿಕ್ಕ ಹಾಲೆ ಸರಿಯಾಗಿ ಮಧ್ಯದಲ್ಲಿರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ, ಸ್ಪಿಕ್ಯೂಲ್‌ಗಳು ಅರ್ಧ ಮಿ.ಮೀ.ಗಿಂತ ಚಿಕ್ಕವಾಗಿದ್ದು ತುದಿಯ ಬಳಿ ಒಂದೊಂದು ಕೊಕ್ಕೆ ಇರುತ್ತದೆ. ಇದನ್ನು ಭೂತಗನ್ನಡಿ ತೋರಿಸದು. ಸೂಕ್ಷ್ಮದರ್ಶಕ ಬೇಕು, ಹುಳುವನ್ನು ಪಾರದರ್ಶಕವಾಗಿಸುವ ಲ್ಯಾಕ್ಟೋಫಿನಾಲ್ ದ್ರಾವಣವೂ ಬೇಕು.

ಹೆಣ್ಣಿನಲ್ಲಿ ಗುರುತುಗಳೇ ಇಲ್ಲವೆಂದಲ್ಲ. ಹೀಮಾಂಕಸ್ ಹೆಣ್ಣಿನ ಮೈಯ ಹಿಂಭಾಗದಲ್ಲಿ, ಬಾಲದ ತುದಿಗಿಂತ ಸ್ವಲ್ಪ ಮುಂದೆ, ಜನನದ್ವಾರವನ್ನು ಮುಚ್ಚುವ ಒಂದು ಮಡಿಕೆ ಹಲವು ಹುಳುಗಳಲ್ಲಿ ಎದ್ದು ಕಾಣುತ್ತದೆ. ಕೆಲವದರಲ್ಲಿ ಅದು ನಾಲಿಗೆಯ ಆಕಾರದಲ್ಲಿರುತ್ತದೆ, ಕೆಲವದರಲ್ಲಿ ಬರಿಯ ಗುಬುಟಿನಂತಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಇಂಥ ವ್ಯತ್ಯಾಸಗಳನ್ನು ನೋಡಿ ಬೇರೆ ಬೇರೆ ಜಾತಿಯೆಂದು ತೀರ್ಮಾನಿಸುವ ಆಸೆ ಹೊಸಬರಿಗೆ ಬರುತ್ತದೆ. ಒಂದೇ ಜಾತಿಯೊಳಗೆ, ಒಂದೇ ಕುರಿಯ ಹೊಟ್ಟೆಯೊಳಗೆ ಈ ಮೂರೂ ಬಗೆಗಳು ಸಿಗುವುದರಿಂದ ಆ ಆಸೆಯನ್ನು ಹತ್ತಿಕ್ಕುವುದೇ ಸರಿ.

ನಿಮ್ಮ ಕುರಿಗಳು ದನ ಎಮ್ಮೆಗಳು ಮೇಯುವ ಜಾಗದಲ್ಲೇ ಮೇಯುತ್ತಿದ್ದರೆ ಎರಡು ಎಚ್ಚರಿಕೆಗಳು ಅಗತ್ಯ. ಮೆಸಿಸ್ಟೊಸಿರಸ್ ಡಿಜಿಟೇಟಸ್ ಎಂಬ ಇನ್ನೊಂದು ಹುಳುವೂ ನಾಲ್ಕನೇ ಹೊಟ್ಟೆಯಲ್ಲೇ ಇರುತ್ತದೆ, ಅದರ ಹೆಣ್ಣಿನಲ್ಲೂ ಕೆಂಪು ಬಿಳಿ ಸುರುಳಿಯಿದೆ, ಅದೂ ರಕ್ತ ಹೀರುತ್ತದೆ. ಇದು ಹೆಚ್ಚಾಗಿ ದನ ಎಮ್ಮೆಗಳ ಹುಳು, ಆದರೆ ಕುರಿಗೂ ಬರಬಹುದು. ಹೆಣ್ಣು 40 ಮಿ.ಮೀ. ಮೀರಿಯೂ ಬೆಳೆಯುತ್ತದೆ, ಅದರ ಜನನದ್ವಾರ ಬಾಲದ ತುದಿಗೆ ತೀರ ಸಮೀಪದಲ್ಲಿರುತ್ತದೆ, ಗಂಡಿನ ಸ್ಪಿಕ್ಯೂಲ್‌ಗಳು ಕೂದಲಿನಷ್ಟು ಸಪುರವಾಗಿ ಹಲವು ಮಿ.ಮೀ. ಉದ್ದವಿದ್ದು, ಬಹುಭಾಗ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಣ್ಣದ ಸುರುಳಿಯೊಂದನ್ನೇ ನೆಚ್ಚಿದರೆ ಇವೆರಡನ್ನೂ ಒಂದೇ ಎಂದು ಬರೆದುಕೊಳ್ಳುತ್ತೇವೆ. ಎರಡನೆಯದು ಹೀಮಾಂಕಸ್ ಪ್ಲೇಸೈ, ದನಗಳಲ್ಲಿ ಸಾಮಾನ್ಯವಾದ ಸೋದರ ಜಾತಿ. ಸ್ಪಿಕ್ಯೂಲ್‌ನ ಅಳತೆ, ಚರ್ಮದ ಮೇಲಿನ ಉದ್ದಗೆರೆಗಳ ಎಣಿಕೆ, ಕೊನೆಗೆ ಡಿಎನ್‌ಎ ಪರೀಕ್ಷೆ ಇಲ್ಲದೆ ಅದನ್ನು ಕಂಟಾರ್ಟಸ್‌ನಿಂದ ಬೇರ್ಪಡಿಸುವುದು ಕಷ್ಟ. ಡಿಎನ್‌ಎಯಲ್ಲಿ ಗುರುತಿಗೆಂದು ಬಳಸುವ ಐಟಿಎಸ್-2 ಎಂಬ ಭಾಗದಲ್ಲಿ ಇವೆರಡರ ನಡುವೆ ಇರುವುದು ಮೂರೇ ಅಕ್ಷರಗಳ ವ್ಯತ್ಯಾಸ. ಸಂಶೋಧಕರಿಗೆ ಇದು ಮುಖ್ಯ. ನಿಮ್ಮ ಹಟ್ಟಿಯ ಚಿಕಿತ್ಸೆ ಇದರಿಂದ ಬದಲಾಗುವುದಿಲ್ಲವಾದ್ದರಿಂದ ನೀವು ಇದಕ್ಕೆ ಹಣ ಖರ್ಚು ಮಾಡಬೇಕಿಲ್ಲ.

ದೊಡ್ಡ ಕರುಳಿನ ಬಿಳಿ ಹುಳು ಚಾವಟಿಹುಳು, ಅಂದರೆ ಟ್ರೈಕ್ಯೂರಿಸ್. ಇದರ ನೆಲೆ ಮುಖ್ಯವಾಗಿ ಅಂಧಕರುಳು. ಉದ್ದ 4ರಿಂದ 8 ಸೆಂ.ಮೀ. ಕೂದಲಿನಂಥ ಸಪುರ ತುದಿ ಬಾಲವೆಂದೂ ದಪ್ಪ ತುದಿ ತಲೆಯೆಂದೂ ಹೆಚ್ಚಿನವರು ತಿಳಿಯುತ್ತಾರೆ. ನಿಜ ಅದಕ್ಕೆ ತಲೆಕೆಳಗು. ಮೈಯ ಮುಕ್ಕಾಲು ಪಾಲಿನಷ್ಟಿರುವ ಆ ಸಪುರ ಭಾಗವೇ ಮುಂಭಾಗ, ಅದನ್ನು ಹುಳು ಕರುಳಿನ ಒಳಪದರದೊಳಗೆ ನೆಟ್ಟುಕೊಂಡಿರುತ್ತದೆ. ಆದ್ದರಿಂದ ಚಿಮಟದಿಂದ ಎಳೆದರೆ ತಲೆ ತುಂಡಾಗಿ ಒಳಗೇ ಉಳಿಯುತ್ತದೆ. ಸಾಮಾನ್ಯ ಸಂಖ್ಯೆಯಲ್ಲಿದ್ದಾಗ ಚಾವಟಿಹುಳು ಕುರಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಇದರ ಮೊಟ್ಟೆಯಾದರೂ ಬೇರೆ ಯಾವುದರ ಜೊತೆಗೂ ಬೆರೆಯದು: ನಿಂಬೆಕಾಯಿಯ ಆಕಾರ, ಎರಡು ತುದಿಗಳಲ್ಲೂ ಬಿರಡೆ, ಕಂದು ಬಣ್ಣ.

ಕರುಳಿನ ಗೋಡೆಯ ಗಂಟುಗಳು ಈಸೊಫಾಗೊಸ್ಟೋಮಮ್ ಕೊಲಂಬಿಯಾನಮ್ ಎಂಬ ಹುಳುವಿನ ಮರಿಗಳು ಗೋಡೆಯೊಳಗೆ ಹೊಕ್ಕಿದ್ದರ ಫಲವಿರಬೇಕು. ಗಂಟುಗಳು ಹಳೆಯವಾಗಿ ಸುಣ್ಣಗಟ್ಟಿ ಬಹುಕಾಲ ಉಳಿಯುವುದರಿಂದ, ಅವು ಕಂಡ ಮಾತ್ರಕ್ಕೆ ಇಂದಿನ ಸಾವಿಗೆ ಅವೇ ಕಾರಣ ಎನ್ನಲಾಗದು. ಬೆಳೆದ ಹುಳು ದೊಡ್ಡ ಕರುಳಿನ ಲೋಳೆಯಲ್ಲಿ ಸಿಗುತ್ತದೆ. ಅದು 12ರಿಂದ 21 ಮಿ.ಮೀ. ಉದ್ದದ, ಗಟ್ಟಿಮುಟ್ಟಾದ ಬಿಳಿ ಹುಳು. ಕತ್ತಿನ ಎರಡು ಪಕ್ಕದಲ್ಲೂ ಅಗಲವಾದ ರೆಕ್ಕೆಯಂಥ ಚರ್ಮವಿರುವುದರಿಂದ ಅದರ ಮುಂಭಾಗ ಕೊಕ್ಕೆಯಂತೆ ಬಾಗಿರುತ್ತದೆ. ಇದೇ ಕುಲದ ವೆನ್ಯುಲೋಸಮ್ ಎಂಬ ಜಾತಿಯಲ್ಲಿ ಆ ರೆಕ್ಕೆಗಳಿಲ್ಲ.

ನೀವು ಕಾಣದೆ ಹೋದ ಹುಳುಗಳ ಬಗ್ಗೆಯೂ ಒಂದು ಮಾತು. ಸಣ್ಣ ಕರುಳಿನಲ್ಲಿರುವ ಟ್ರೈಕೊಸ್ಟ್ರಾಂಜಿಲಸ್ ಕೊಲುಬ್ರಿಫಾರ್ಮಿಸ್ 4ರಿಂದ 8 ಮಿ.ಮೀ. ಉದ್ದದ, ನವಿರಾದ ಎಳೆಯಂಥ ಹುಳು. ಸಾವಿರಗಟ್ಟಲೆ ಇದ್ದರೂ ಕರುಳನ್ನು ಬಿಚ್ಚಿ ಸುಮ್ಮನೆ ನೋಡಿದರೆ ಕಾಣುವುದಿಲ್ಲ. ಕರುಳಿನ ಒಳಗಿರುವುದನ್ನು ನೀರಿನಲ್ಲಿ ತೊಳೆದು, ಸೋಸಿ, ಕಪ್ಪು ತಟ್ಟೆಯಲ್ಲಿ ಹರಡಿ ನೋಡಬೇಕು. ಸೂಕ್ಷ್ಮದರ್ಶಕದಲ್ಲಿ ಅದರ ಕತ್ತಿನ ಬಳಿ ಒಂದು ಪುಟ್ಟ ಕಚ್ಚು ಕಾಣುತ್ತದೆ, ಇದು ಆ ಕುಲದ ಗುರುತು. ಸಣ್ಣ ಕರುಳಿನಲ್ಲೇ ಇರುವ ಕೊಕ್ಕೆಹುಳು ಬುನೊಸ್ಟೋಮಮ್ ಮಾತ್ರ 12ರಿಂದ 26 ಮಿ.ಮೀ. ಇದ್ದು ಕಣ್ಣಿಗೆ ಕಾಣುವಂಥದು. ಅದರ ತಲೆ ಬೆನ್ನಿನ ಕಡೆಗೆ ಬಾಗಿರುತ್ತದೆ, ಬಾಯಿಯಲ್ಲಿ ಕತ್ತರಿಸುವ ಫಲಕಗಳಿರುತ್ತವೆ. ಇದೂ ರಕ್ತ ಹೀರುವ ಹುಳುವೇ ಆದ್ದರಿಂದ ಸಣ್ಣ ಕರುಳನ್ನು ಬಿಚ್ಚದೆ ತೀರ್ಮಾನಕ್ಕೆ ಬರಬಾರದು.

ಹಾಗಾದರೆ ಪ್ರಯೋಗಾಲಯದವರು ಹೆಸರನ್ನು ಏಕೆ ಬರೆಯಲಿಲ್ಲ? ಅವರು ಉದಾಸೀನ ಮಾಡಿಲ್ಲ, ಬರೆಯಬಹುದಾದಷ್ಟನ್ನೇ ಬರೆದಿದ್ದಾರೆ. ಸ್ಟ್ರಾಂಗೈಲ್ ಎಂಬುದು ಒಂದು ಜಾತಿಯಲ್ಲ, ಒಂದೇ ಬಗೆಯ ಮೊಟ್ಟೆಯಿಡುವ ಹಲವು ದುಂಡುಹುಳುಗಳ ಗುಂಪಿನ ಹೆಸರು. ಹೀಮಾಂಕಸ್, ಟ್ರೈಕೊಸ್ಟ್ರಾಂಜಿಲಸ್, ಈಸೊಫಾಗೊಸ್ಟೋಮಮ್, ಬುನೊಸ್ಟೋಮಮ್ ಇವೆಲ್ಲವುಗಳ ಮೊಟ್ಟೆಗಳು ತೆಳುಸಿಪ್ಪೆಯ ಅಂಡಾಕಾರದವು, ಒಳಗೆ ಕೋಶಗಳ ಗೊಂಚಲು. ಅಳತೆಗಳು ಒಂದರ ಮೇಲೊಂದು ಹಾಯುವುದರಿಂದ ಒಂದು ಮೊಟ್ಟೆಯನ್ನು ನೋಡಿ ಇದು ಹೀಮಾಂಕಸ್‌ನದೇ ಎಂದು ಹೇಳುವುದು ಸಾಧ್ಯವಿಲ್ಲ. ಹಾಗೆ ಹೇಳುವವರನ್ನು ನಾನು ನಂಬುವುದಿಲ್ಲ. ಮೊಟ್ಟೆಯಿಂದಲೇ ಗುರುತಿಸಬಹುದಾದವು ಕೆಲವೇ: ಆಗಲೇ ಹೇಳಿದ ಚಾವಟಿಹುಳು, ಉಳಿದವಕ್ಕಿಂತ ಎರಡು ಪಟ್ಟು ದೊಡ್ಡ ಮೊಟ್ಟೆಯಿಡುವ ನೆಮಟೊಡೈರಸ್, ಮರಿ ಆಗಲೇ ರೂಪುಗೊಂಡಿರುವ ಚಿಕ್ಕ ಮೊಟ್ಟೆಯ ಸ್ಟ್ರಾಂಜಿಲಾಯ್ಡಿಸ್.

ಕುರಿ ಬದುಕಿರುವಾಗಲೇ ಹುಳುವಿನ ಕುಲವನ್ನು ತಿಳಿಯಬೇಕಾದರೆ ಮೊಟ್ಟೆಯನ್ನು ಮರಿ ಮಾಡಿಸಬೇಕು. ತಾಜಾ ಹಿಕ್ಕೆಯನ್ನು ಪುಡಿ ಮಾಡಿ, ತೇವ ಆರದಂತೆ, ಸುಮಾರು 27 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಒಂದು ವಾರ ಇಟ್ಟರೆ ಮೂರನೇ ಹಂತದ ಮರಿಗಳು ಸಿದ್ಧವಾಗುತ್ತವೆ. ಈ ಹಂತದಲ್ಲಿ ಮರಿಯ ಮೈ ಮೇಲೆ ಹಳೆಯ ಚರ್ಮದ ಕವಚವೊಂದು ಉಳಿದಿರುತ್ತದೆ, ಆ ಕವಚದ ಬಾಲವೇ ನಮಗೆ ಸುಳಿವು. ಟ್ರೈಕೊಸ್ಟ್ರಾಂಜಿಲಸ್‌ನಲ್ಲಿ ಅದು ಮೊಟಕಾಗಿ ನೇರವಾಗಿರುತ್ತದೆ. ಹೀಮಾಂಕಸ್‌ನಲ್ಲಿ ಮಧ್ಯಮ ಉದ್ದವಿದ್ದು ತುದಿಯ ಬಳಿ ಒಂದು ಡೊಂಕು ಇರುತ್ತದೆ. ಈಸೊಫಾಗೊಸ್ಟೋಮಮ್‌ನಲ್ಲಿ ಬಹಳ ಉದ್ದವಾಗಿ ದಾರದಂತೆ ಸಪುರವಾಗುತ್ತದೆ. ಬುನೊಸ್ಟೋಮಮ್‌ನಲ್ಲೂ ದಾರದಂಥ ಬಾಲವೇ ಇದ್ದರೂ ಮರಿಯ ಮೈ ಉಳಿದವಕ್ಕಿಂತ ಗಿಡ್ಡ. ನೂರು ಮರಿಗಳನ್ನು ಎಣಿಸಿ ಯಾವುದು ಎಷ್ಟು ಪಾಲು ಎಂದು ಹೇಳಬಹುದು. ಕೆಲಸ ನಿಧಾನದ್ದು, ಆದರೆ ನಮ್ಮ ಪಶುವೈದ್ಯಕೀಯ ಕಾಲೇಜುಗಳ ಪರಾವಲಂಬಿ ಶಾಸ್ತ್ರ ವಿಭಾಗಗಳಲ್ಲಿ ಕಲಿಸುವ ವಿಧಾನವೇ ಇದು. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಇಂಥ ಕಾಲೇಜುಗಳಿವೆ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯ ಮೂಲಕ ಮಾದರಿ ಕಳುಹಿಸುವಾಗ ಮೊಟ್ಟೆ ಎಣಿಕೆಯೂ ಹುಳುವಿನ ಮರಿ ಸಾಕಣೆಯೂ ಬೇಕೆಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿ. ಎರಡು ಪ್ಲಸ್ ಎಂಬ ವರದಿಯಿಂದ ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂದು ಅಳೆಯಲಾಗದು. ಗ್ರಾಂ ಒಂದಕ್ಕೆ ಎಷ್ಟು ಮೊಟ್ಟೆ ಎಂಬ ಸಂಖ್ಯೆ ಬೇಕು.

ಬಾಟಲಿಯಲ್ಲಿರುವ ನಿಮ್ಮ ಹುಳುಗಳ ಗತಿ ಉಪ್ಪಿನ ಪ್ರಮಾಣದ ಮೇಲೆ ನಿಂತಿದೆ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿದ್ದರೆ ಸರಿ. ಹಿಡಿಗಟ್ಟಲೆ ಹಾಕಿದ್ದರೆ ಹುಳು ಮುರುಟಿರುತ್ತದೆ, ಬರಿ ನೀರಿನಲ್ಲಿ ಇಟ್ಟರೆ ಉಬ್ಬಿ ಒಡೆಯುತ್ತದೆ. ಆ ಹದದ ಉಪ್ಪುನೀರಿನಲ್ಲೂ ಹುಳುವನ್ನು ತೊಳೆಯಬಹುದೇ ಹೊರತು ದಿನಗಟ್ಟಲೆ ಇಡಲಾಗದು. ಮುಂದಿನ ಸಲ ಹುಳುಗಳನ್ನು ತೊಳೆದು, ಬಿಸಿ ಮಾಡಿದ ಶೇಕಡಾ 70ರ ಆಲ್ಕೋಹಾಲಿಗೆ ಹಾಕಲು ನಿಮ್ಮ ಪಶುವೈದ್ಯರಿಗೆ ಹೇಳಿ. ಬಿಸಿ ತಾಗಿದ ಹುಳು ನೆಟ್ಟಗಾಗುತ್ತದೆ, ತಣ್ಣನೆಯ ದ್ರಾವಣಕ್ಕೆ ಬಿದ್ದದ್ದು ಸುರುಳಿ ಸುತ್ತಿಕೊಂಡು ಅಳತೆಗೆ ಬಾರದಾಗುತ್ತದೆ. ಆಲ್ಕೋಹಾಲಿಗೆ ಬೆಂಕಿ ಹತ್ತುವ ಅಪಾಯವಿರುವುದರಿಂದ ಇದನ್ನು ಮನೆಯ ಒಲೆಯ ಮೇಲೆ ಮಾಡಬೇಡಿ. ಚಿಕ್ಕವನ್ನೂ ದೊಡ್ಡವನ್ನೂ ಸೇರಿಸಿ, ಒಂದೊಂದು ಅಂಗಕ್ಕೆ ಒಂದೊಂದು ಸೀಸೆ ಇಟ್ಟು, ಅದರ ಮೇಲೆ ಪೆನ್ಸಿಲಿನಲ್ಲಿ ಜಾಗದ ಹೆಸರು ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತು: ಆರೋಗ್ಯವಾಗಿದ್ದ ಕುರಿ ಇದ್ದಕ್ಕಿದ್ದಂತೆ ಸತ್ತು, ಮೂಗು ಬಾಯಿ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದನ್ನು ಯಾವ ಕಾರಣಕ್ಕೂ ಕೊಯ್ಯಬೇಡಿ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಅದು ಮನುಷ್ಯರ ಪ್ರಾಣಕ್ಕೂ ಅಪಾಯ.

ಈಗ ಔಷಧಿಯ ಪ್ರಶ್ನೆ. ಆಲ್ಬೆಂಡಜೋಲ್ ಮತ್ತು ಫೆನ್‌ಬೆಂಡಜೋಲ್ ಹೆಸರು ಬೇರೆಯಾದರೂ ಒಂದೇ ಗುಂಪಿನವು, ಹುಳುವನ್ನು ಕೊಲ್ಲುವ ರೀತಿಯೂ ಒಂದೇ. ಒಂದಕ್ಕೆ ಬಗ್ಗದ ಹುಳು ಇನ್ನೊಂದಕ್ಕೂ ಬಗ್ಗುವುದಿಲ್ಲ. ಹೀಮಾಂಕಸ್ ಹೆಣ್ಣು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುವುದರಿಂದ ಔಷಧಿ ತಾಳಿಕೊಂಡ ಕೆಲವೇ ಹುಳುಗಳ ಸಂತತಿ ಬೇಗ ಹರಡುತ್ತದೆ. ಜಗತ್ತಿನ ಕುರಿ ಸಾಕುವ ಬಹುತೇಕ ನಾಡುಗಳಲ್ಲಿ ಈ ಗುಂಪಿನ ಔಷಧಿಗೆ ಅದು ಪ್ರತಿರೋಧ ಬೆಳೆಸಿಕೊಂಡಿದೆ. ಹುಳುವಿನ ಮರಿ ಕುರಿಯ ಹೊಟ್ಟೆ ಸೇರಿದ ಸುಮಾರು ಮೂರು ವಾರಕ್ಕೆ ಮೊಟ್ಟೆ ಇಡಲು ಆರಂಭಿಸುತ್ತದೆ. ನಿಮ್ಮ ವರದಿ ಹನ್ನೆರಡನೇ ದಿನದ್ದು. ಹೊಸದಾಗಿ ಸೇರಿದ ಹುಳುಗಳು ಅಷ್ಟರಲ್ಲಿ ಮೊಟ್ಟೆ ಇಡಲಾರವಾದ್ದರಿಂದ ಅಲ್ಲಿ ಕಂಡವು ಔಷಧಿಯನ್ನು ಮೀರಿ ಉಳಿದವುಗಳ ಮೊಟ್ಟೆಗಳೇ ಇರಬೇಕು. ಅದೇ ವರದಿ ನಲವತ್ತನೇ ದಿನದ್ದಾಗಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ. ಆದರೂ ಪ್ರತಿರೋಧವೆಂದು ಸಾರುವ ಮೊದಲು ಇನ್ನೊಂದನ್ನು ಕೇಳಬೇಕು: ಪ್ರಮಾಣ ಸರಿಯಿತ್ತೇ? ತೂಕವನ್ನು ಅಂದಾಜಿನಲ್ಲಿ ಹೇಳಿ ಎಲ್ಲಕ್ಕೂ ಒಂದೇ ಅಳತೆ ಕುಡಿಸಿದರೆ ದೊಡ್ಡ ಕುರಿಗೆ ಕಡಮೆ ಬೀಳುತ್ತದೆ. ಮೇಕೆಗಳ ದೇಹ ಹಲವು ಔಷಧಿಗಳನ್ನು ಕುರಿಗಿಂತ ಬೇಗ ಹೊರಹಾಕುವುದರಿಂದ ಕುರಿಯ ಪ್ರಮಾಣ ಅವಕ್ಕೆ ಸಾಲದೆ ಹೋಗುತ್ತದೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ಒಂದು, ಗುಂಪು ಬದಲಿಸಿ ಲೆವಾಮಿಸೋಲ್ ಕೊಡುವುದು. ಅದು ಬೆಳೆದ ಹೀಮಾಂಕಸ್ ಮೇಲೆ ಬೇಗ ಕೆಲಸ ಮಾಡುತ್ತದೆ, ಆದರೆ ಸರಿಯಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಕಿರಿದು. ಹೆಚ್ಚಾದರೆ ಜೊಲ್ಲು ಸುರಿದು ಮೈ ನಡುಗುತ್ತದೆ. ಇನ್ನೊಂದು ಕ್ಲೊಸಾಂಟೆಲ್. ಇದು ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ರಕ್ತ ಹೀರುವ ಹುಳುವಿನ ಹೊಟ್ಟೆಗೆ ತಾನಾಗಿ ಸೇರುತ್ತದೆ, ಹಲವು ವಾರ ಉಳಿಯುತ್ತದೆ. ಹುಳುವಿನ ಗುರುತು ಔಷಧಿಯನ್ನು ನೇರವಾಗಿ ನಿರ್ಧರಿಸುವುದು ಇಲ್ಲಿಯೇ. ಹೀಮಾಂಕಸ್ ಖಚಿತವಾದರೆ ಇದು ಒಳ್ಳೆಯ ಆಯ್ಕೆ; ಟ್ರೈಕೊಸ್ಟ್ರಾಂಜಿಲಸ್ ಹೆಚ್ಚಾಗಿದ್ದರೆ ಹಣ ದಂಡ. ಪ್ರಮಾಣ ಮೀರಿದರೆ ಕುರಿ ಕುರುಡಾಗುವ ಅಪಾಯವಿದೆ. ಐವರ್‌ಮೆಕ್ಟಿನ್ ಮೂರನೆಯ ದಾರಿ. ಅದಕ್ಕೂ ಪ್ರತಿರೋಧ ಬೆಳೆದಿರುವುದು ಹಲವೆಡೆ ಕಂಡಿದೆ. ಸಾವು ನಡೆಯುತ್ತಿರುವ ಈ ಹೊತ್ತಿನಲ್ಲಿ ನಾನಾದರೆ ಮರಿ ಸಾಕಣೆಯ ವರದಿಗೆ ಕಾಯದೆ, ಹಿಕ್ಕೆಯ ಮಾದರಿಯನ್ನು ಮೊದಲು ತೆಗೆದಿಟ್ಟು, ನಿಮ್ಮ ಪಶುವೈದ್ಯರು ತೂಕ ನೋಡಿ ಸೂಚಿಸುವ ಬೇರೆ ಗುಂಪಿನ ಔಷಧಿಯನ್ನು ಕೊಡಿಸುತ್ತೇನೆ. ಅದೇ ಹತ್ತು ಹದಿನೈದು ಕುರಿಗಳ ಹಿಕ್ಕೆಯನ್ನು ಎರಡು ವಾರದ ಮೇಲೆ ಮತ್ತೆ ಎಣಿಸಿದಾಗ ಮೊಟ್ಟೆಗಳ ಇಳಿಕೆ ಶೇಕಡಾ 95ಕ್ಕಿಂತ ಕಡಮೆಯಿದ್ದರೆ ಆ ಔಷಧಿಯೂ ನಿಮ್ಮ ಹಟ್ಟಿಯಲ್ಲಿ ಸೋಲುತ್ತಿದೆ ಎಂದರ್ಥ. ಗಬ್ಬದ ಕುರಿಗಳಿದ್ದರೆ ಮೊದಲೇ ತಿಳಿಸಿ, ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು. ಮಾಂಸಕ್ಕೆ ಮಾರುವ ಮುನ್ನ ಕಾಯಬೇಕಾದ ದಿನಗಳನ್ನು ಬಾಟಲಿಯ ಮೇಲೆ ನೋಡಿಕೊಳ್ಳಿ.

ಒಂದು ಹೀಮಾಂಕಸ್ ಹುಳುವಿನಿಂದ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಹೋಗುತ್ತದೆ. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿ.ಲೀ. ಆಯಿತು, 20 ಕಿಲೋ ತೂಗುವ ಕುರಿಯ ಮೈಯಲ್ಲಿರುವ ರಕ್ತವೇ ಒಂದೂಕಾಲು ಲೀಟರಿನ ಆಸುಪಾಸು. ರಕ್ತದ ಪ್ರೋಟೀನು ಕುಸಿದಾಗ ಗದ್ದದ ಕೆಳಗೆ ನೀರು ನಿಲ್ಲುತ್ತದೆ. ಹೀಮಾಂಕಸ್ ಒಂದೇ ಇದ್ದಾಗ ಭೇದಿ ಸಾಮಾನ್ಯವಾಗಿ ಇರುವುದಿಲ್ಲ. ಭೇದಿ ಇಲ್ಲವೆಂದು ನೀವು ಬರೆದದ್ದು ನನ್ನ ಊಹೆಗೆ ಬಲ ಕೊಟ್ಟಿತು. ಇದರಿಂದಲೇ ಬದುಕಿರುವ ಕುರಿಯಲ್ಲಿ ನೋಡಬಹುದಾದ ಒಂದು ಗುರುತು ಸಿಗುತ್ತದೆ. ಕೆಳರೆಪ್ಪೆಯನ್ನು ಮೆಲ್ಲನೆ ಇಳಿಸಿ ಒಳಪದರದ ಬಣ್ಣ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಫಮಾಚಾ ಎಂಬ ಬಣ್ಣದ ಪಟ್ಟಿಯಲ್ಲಿ ಕಡುಗೆಂಪಿಗೆ 1, ಬಿಳಿಚಿಗೆ 5 ಎಂದು ಅಂಕಗಳಿವೆ. 4 ಮತ್ತು 5ಕ್ಕೆ ಔಷಧಿ ಬೇಕೇ ಬೇಕು. ಈಗಿನ ಬಿಕ್ಕಟ್ಟು ಕಳೆದ ಮೇಲೆ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಹೀಗೆ ನೋಡಿ ಬಿಳಿಚಿದವಕ್ಕೆ ಮಾತ್ರ ಔಷಧಿ ಕೊಟ್ಟರೆ, ಉಳಿದ ಕುರಿಗಳಲ್ಲಿ ಔಷಧಿಗೆ ಬಗ್ಗುವ ಹುಳುಗಳೂ ಸ್ವಲ್ಪ ಬದುಕಿರುತ್ತವೆ, ಪ್ರತಿರೋಧ ಹರಡುವುದು ನಿಧಾನವಾಗುತ್ತದೆ. ಯಕೃತ್ತಿನ ಚಪ್ಪಟೆಹುಳು, ರಕ್ತ ಹೀರುವ ಉಣುಗಿನಿಂದ ಬರುವ ರೋಗಗಳು, ಮೇವಿನ ಕೊರತೆ ಇವುಗಳಲ್ಲೂ ಕಣ್ಣು ಬಿಳಿಚುತ್ತದೆ ಎಂಬುದನ್ನು ಮರೆಯಬಾರದು. ಕೆರೆಯಂಚಿನ ಜೌಗಿನಲ್ಲಿ ಮೇಯಿಸುವವರಾದರೆ ಸತ್ತ ಕುರಿಯ ಯಕೃತ್ತನ್ನೂ ಕೊಯ್ದು ನೋಡಿಸಿ. ಹೀಮಾಂಕಸ್ ಮರಿಗಳು ತೇವದ ಹುಲ್ಲಿನ ಮೇಲೆ ಹತ್ತುತ್ತವೆ, ಬಿಸಿಲಿನ ಒಣಹವೆಯಲ್ಲಿ ಬೇಗ ಸಾಯುತ್ತವೆ. ಮಳೆಗಾಲದಲ್ಲಿ ಇಬ್ಬನಿ ಆರಿದ ಮೇಲೆ ಕುರಿ ಹೊಡೆಯುವ ಪದ್ಧತಿಯನ್ನು ಬಿಡಬೇಡಿ.

ಕೊನೆಯ ಪ್ರಶ್ನೆಗೆ ಉತ್ತರ: ಹೀಮಾಂಕಸ್ ಮನುಷ್ಯರಿಗೆ ಬರುವುದು ತೀರ ಅಪರೂಪ. ಟ್ರೈಕೊಸ್ಟ್ರಾಂಜಿಲಸ್‌ನ ಕೆಲವು ಜಾತಿಗಳು ಮಾತ್ರ, ಕುರಿಗೊಬ್ಬರ ತಾಗಿದ ಸೊಪ್ಪು ತರಕಾರಿಯನ್ನು ತೊಳೆಯದೆ ಹಸಿಯಾಗಿ ತಿಂದಾಗ ಮನುಷ್ಯರ ಕರುಳಿಗೂ ಸೇರುತ್ತವೆ. ಚೆನ್ನಾಗಿ ಬೇಯಿಸಿದ ಮಾಂಸದಿಂದ ಇವು ಯಾವುವೂ ಬರುವುದಿಲ್ಲ. ಹುಳು ಆರಿಸುವಾಗ ಕೈಗವಸು ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ, ಕರುಳನ್ನು ನಾಯಿಗಳಿಗೆ ಎಸೆಯದೆ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿರಿ.